ಕರಾವಳಿಯ ಕಾರಿಗೆ ಮನೆಯಲ್ಲೇ ವೆಲ್ಡಿಂಗ್: ಯಾವ ಮಷಿನ್, ಯಾವ ವಿಧಾನ?

ವೆಲ್ಡಿಂಗ್ ಮಷಿನ್ ಕೊಳ್ಳಲು ಅಂಗಡಿಗೆ ಹೋಗುವ ಮುಂಚೆ ಒಂದು ಹಳೇ ಸ್ಕ್ರೂಡ್ರೈವರ್ ಹಿಡಿದು ಕಾರಿನ ಅಡಿಗೆ ನುಸುಳಿ. ಬಾಗಿಲ ಕೆಳಗಿನ ಫುಟ್‌ಬೋರ್ಡ್, ಮಡ್‌ಗಾರ್ಡಿನ ಒಳ ಅಂಚು, ಜಾಕ್ ಕೊಡುವ ಜಾಗ, ಮ್ಯಾಟ್ ಎತ್ತಿದರೆ ಕಾಣುವ ಫ್ಲೋರ್, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ ಇಷ್ಟನ್ನೂ ಅದರ ಮೊನೆಯಿಂದ ಬಲವಾಗಿ ಒತ್ತುತ್ತ ಬನ್ನಿ. ಮೊನೆ ಒಳಗೆ ಹೋದಲ್ಲೆಲ್ಲ ಚಾಕ್‌ಪೀಸಿನಿಂದ ಗುರುತು ಹಾಕಿ. ಕಾರವಾರದಿಂದ ಭಟ್ಕಳದವರೆಗಿನ ಹಳೇ ಕಾರುಗಳು ಹೆಚ್ಚಾಗಿ ಸೋಲುವುದು ಇಲ್ಲೇ. (ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ. ಆಕ್ಸಲ್ ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಮರದ ದಿಮ್ಮಿ ಕೊಡಿ. ಅಂಗಳದಲ್ಲಿ ಬಿದ್ದಿರುವ ಚಿರೆಕಲ್ಲು ಮಾತ್ರ ಬೇಡ, ಭಾರ ಬಿದ್ದಾಗ ಸೂಚನೆ ಕೊಡದೆ ಒಡೆಯುತ್ತದೆ.)

ಗಾಳಿಯಲ್ಲಿ ಬರುವ ಉಪ್ಪು ತಗಡಿನ ಮಡಿಕೆಗಳಲ್ಲಿ ಕೂತು ತೇವವನ್ನು ಎಳೆದುಕೊಳ್ಳುತ್ತ ಇರುತ್ತದೆ. ಮಳೆ ನಿಂತು ವಾರವಾದರೂ ಫುಟ್‌ಬೋರ್ಡಿನ ಒಳಗೆ ಒಣಗಿರುವುದಿಲ್ಲ. ಅದರ ಮೇಲೆ ಹೆದ್ದಾರಿ 66ರಲ್ಲಿ ಮೀನಿನ ಗಾಡಿಗಳು ಸುರಿಸಿಕೊಂಡು ಹೋಗುವ ಉಪ್ಪುನೀರು ಬೇರೆ. ತುಕ್ಕು ಒಳಗಿನಿಂದ ಹೊರಕ್ಕೆ ಬರುವುದರಿಂದ, ಬಣ್ಣದ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಹಿಂದಿನ ತಗಡು ಹೆಚ್ಚುಕಡಿಮೆ ಮುಗಿದಿರುತ್ತದೆ. ನೀವು ಕೊಳ್ಳಬೇಕಾದ ಮಷಿನ್ ಯಾವುದೆಂದು ಹೇಳುವುದು ಈ ಚಾಕ್ ಗುರುತುಗಳೇ. ಮಷಿನ್ ಮೇಲೆ ದೊಡ್ಡದಾಗಿ ಬರೆದ 200, 250 ಎಂಬ ಆಂಪಿಯರ್ ಸಂಖ್ಯೆಗೂ ನಿಮ್ಮ ಕೆಲಸಕ್ಕೂ ಅಷ್ಟು ಸಂಬಂಧವಿಲ್ಲ.

ತಗಡಿನ ದಪ್ಪ

ಮಾರುತಿ 800, ಓಮ್ನಿಯಂಥ ಕಾರಿನ ಹೊರ ತಗಡು 0.7ರಿಂದ 0.8 ಮಿ.ಮೀ. ಫ್ಲೋರ್ ಮತ್ತು ಒಳಗಿನ ಬಲಪಟ್ಟಿಗಳು 0.8ರಿಂದ 1.2ರವರೆಗೆ ಇರಬಹುದು. ಜೀಪಿನ ಚಾಸಿಯ ಲೆಕ್ಕವೇ ಬೇರೆ, ಅಲ್ಲಿ 3 ಮಿ.ಮೀ. ಆಸುಪಾಸಿನ ಉಕ್ಕು. ಒಂದು ವರ್ನಿಯರ್ ಕ್ಯಾಲಿಪರ್ ಕೊಂಡು, ಬಣ್ಣ ಕೆರೆದು, ತುಕ್ಕು ಹಿಡಿಯದ ಅಂಚಿನಲ್ಲಿ ಅಳೆದುಬಿಡಿ.

ಈ ಅಳತೆ ಇಲ್ಲದೆ ಸಲಹೆ ಕೇಳಿದರೆ ದಾರಿ ತಪ್ಪುತ್ತದೆ. ಊರಿನ ಗೇಟ್, ಗ್ರಿಲ್ ಮಾಡುವವರನ್ನೋ ಬೈತಖೋಲದ ಕಡೆ ಬೋಟಿನ ಕೆಲಸ ಮಾಡುವವರನ್ನೋ ಕೇಳಿ ನೋಡಿ, ‘ರಾಡ್ ಮಷಿನ್ ತಗೊಳ್ಳಿ, ಎಲ್ಲಾ ಆಗ್ತದೆ’ ಎನ್ನುತ್ತಾರೆ. ಅವರ ಮಾತು ಅವರ ಕೆಲಸದ ಮಟ್ಟಿಗೆ ನೂರಕ್ಕೆ ನೂರು ಸರಿ, ಏಕೆಂದರೆ ಅವರು ಬೆಸೆಯುವುದು 3, 5, 6 ಮಿ.ಮೀ. ದಪ್ಪದ ಉಕ್ಕನ್ನು. ಅದೇ ರಾಡನ್ನು (ಕರೆಂಟಿಗೆ ತಾನೇ ಕರಗಿ ಬೆಸೆಯುವ, ಲೇಪ ಬಳಿದ ಕಡ್ಡಿ) 0.8ರ ತಗಡಿಗೆ ತಾಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತೂತು. ತೂತು ಮುಚ್ಚಲು ಹೋದರೆ ತೂತು ದೊಡ್ಡದಾಗುತ್ತದೆ.

ಶಿರಸಿ, ಸಿದ್ದಾಪುರ ಕಡೆ ತೋಟಕ್ಕೆ ಓಡಾಡುವ ಹಳೇ ಜೀಪ್ ಇಟ್ಟವರಿಗೆ ಬೋಟಿನವರ ಸಲಹೆಯೇ ಸರಿಹೊಂದುತ್ತದೆ. ಅವರ ಕೆಲಸ ಬಂಪರ್, ಟ್ರೈಲರ್ ಹುಕ್, ಹಿಂದಿನ ಕ್ಯಾರಿಯರ್, ಬ್ರಾಕೆಟ್ ಇಂಥವು. ಹಾಗಾಗಿ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಒಂದೇ ಮಷಿನ್ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಮನೆಯ ಕರೆಂಟ್ ಎಷ್ಟು ತಾಳುತ್ತದೆ

ತಗಡಾದ ಮೇಲೆ ಮೀಟರ್ ಬೋರ್ಡ್. ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿ. ಹಳೇ ಮನೆಗಳಲ್ಲಿ ಅದು 1 ಕಿಲೋವ್ಯಾಟ್ ಇದ್ದರೂ ಆಶ್ಚರ್ಯವಿಲ್ಲ. ಗೋಡೆಯ ದೊಡ್ಡ ಪ್ಲಗ್ 16 ಆಂಪಿಯರಿನದು, ಅಂದರೆ 230 ವೋಲ್ಟಿನಲ್ಲಿ ಹೆಚ್ಚೆಂದರೆ 3.6 ಕಿಲೋವ್ಯಾಟ್.

ಈಗ ಮಷಿನ್ ಎಳೆಯುವುದನ್ನು ಲೆಕ್ಕ ಹಾಕೋಣ. ರಾಡ್ ವೆಲ್ಡಿಂಗಿನಲ್ಲಿ ಆರ್ಕಿನ (ರಾಡಿನ ತುದಿಗೂ ತಗಡಿಗೂ ನಡುವೆ ಉರಿಯುವ ಕಿಡಿ) ವೋಲ್ಟೇಜ್ ಸುಮಾರಾಗಿ 20 ವೋಲ್ಟಿನ ಮೇಲೆ ಪ್ರತಿ ಆಂಪಿಯರಿಗೆ 0.04ರಂತೆ ಏರುತ್ತದೆ. 80 ಆಂಪಿಯರಿಗೆ 23 ವೋಲ್ಟ್, ಅಂದರೆ 1.85 ಕಿಲೋವ್ಯಾಟ್. ಮಷಿನ್ನಿನೊಳಗೆ ಹಾಳಾಗುವ ಪಾಲು ಮತ್ತು ಪವರ್ ಫ್ಯಾಕ್ಟರ್ ಸೇರಿಸಿದರೆ ಗೋಡೆಯಿಂದ 13–14 ಆಂಪಿಯರ್ ಬರುತ್ತದೆ. 16ರ ಪ್ಲಗ್ಗಿಗೆ ನಡೆಯುತ್ತದೆ. 120 ಆಂಪಿಯರಿಗೆ ಏರಿಸಿದರೆ ಗೋಡೆಯಿಂದ 21–22 ಬೇಕು, ಆಗ ಎಂಸಿಬಿ ಬೀಳುತ್ತದೆ, ಇಲ್ಲವೇ ಪ್ಲಗ್ಗಿನ ಪಿನ್ ಕರಗುತ್ತದೆ. ಅದೇ ಮಿಗ್‌ನಲ್ಲಿ (ಮಷಿನ್ ತೆಳು ವೈರನ್ನು ತಾನೇ ದೂಡುತ್ತ ಗ್ಯಾಸಿನ ಮರೆಯಲ್ಲಿ ಬೆಸೆಯುವ ವಿಧಾನ) ತೆಳು ತಗಡಿಗೆ ಬೇಕಾದ 50 ಆಂಪಿಯರಿಗೆ ಆರ್ಕಿನ ವೋಲ್ಟೇಜ್ 16ರ ಆಸುಪಾಸು, ಅದನ್ನಿಟ್ಟು ಲೆಕ್ಕ ಹಾಕಿದರೆ ಗೋಡೆಯಿಂದ ಬೇಕಾಗುವುದು 6 ಆಂಪಿಯರಿನ ಆಸುಪಾಸು ಮಾತ್ರ. ಕಾರಿನ ತಗಡು ಬೆಸೆಯುವುದು ಮನೆಯ ವೈರಿಂಗಿಗೆ ಗೀಸರಿಗಿಂತ ಹಗುರ ಕೆಲಸ ಎನ್ನುವುದು ಬಹಳ ಜನರಿಗೆ ಗೊತ್ತಿರುವುದಿಲ್ಲ.

ಸಂಜೆ ಹೊತ್ತು ಮಲ್ಟಿಮೀಟರಿನಿಂದ ವೋಲ್ಟೇಜ್ ಅಳೆಯಿರಿ. ಟ್ರಾನ್ಸ್‌ಫಾರ್ಮರಿನಿಂದ ದೂರ ಇರುವ ಹಳ್ಳಿ ಮನೆಗಳಲ್ಲಿ ಅದು 190ಕ್ಕೂ ಕೆಳಗೆ ಇಳಿಯುವುದುಂಟು. ಹಲವು ಇನ್‌ವರ್ಟರ್ ಮಷಿನ್‌ಗಳ (ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಯುವ ಹಗುರ ವೆಲ್ಡಿಂಗ್ ಮಷಿನ್) ಮೇಲೆ 230, ಹೆಚ್ಚು ಕಡಿಮೆ 15 ಶೇಕಡಾ ಎಂದು ಬರೆದಿರುತ್ತದೆ. ಅಂದರೆ 195ರ ಕೆಳಗೆ ಅದರ ಭರವಸೆ ಇಲ್ಲ. ಅಂಥ ಮನೆಯವರು ಕಡಿಮೆ ವೋಲ್ಟೇಜಿಗೂ ನಡೆಯುವ ಮಾದರಿಯನ್ನೇ ಕೇಳಿ ಪಡೆಯಬೇಕು, ಇಲ್ಲದಿದ್ದರೆ ಬೆಳಗಿನ ಹೊತ್ತು ಕೆಲಸ ಇಟ್ಟುಕೊಳ್ಳಬೇಕು. ತೋಟದ ಪಂಪ್‌ಸೆಟ್ಟಿನ ತ್ರೀಫೇಸ್ ಪಕ್ಕದಲ್ಲೇ ಇದೆಯಲ್ಲ ಎಂದು ಅಲ್ಲಿಂದ ವೈರ್ ಎಳೆಯಬೇಡಿ. ಒಂದು ಉದ್ದೇಶಕ್ಕೆ ಕೊಟ್ಟ ಸಂಪರ್ಕವನ್ನು ಇನ್ನೊಂದಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಅನಧಿಕೃತ ಬಳಕೆ, ದಂಡದ ಬಿಲ್ ಮನೆಗೇ ಬರುತ್ತದೆ.

ಎಕ್ಸ್‌ಟೆನ್ಷನ್ ವೈರ್ ತಾಮ್ರದ್ದೇ ಇರಲಿ, ಕನಿಷ್ಠ 2.5 ಚದರ ಮಿ.ಮೀ. ಅಂಗಳದ ತುದಿಯವರೆಗೆ ಎಳೆಯುವುದಾದರೆ 4. ಸುರುಳಿ ಸುತ್ತಿದ್ದನ್ನು ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿದ್ದಂತೆಯೇ ಬಿಟ್ಟರೆ ಕಾದು ಕರಗುತ್ತದೆ. ಲೈನಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಚಿರೆಕಲ್ಲಿನ ನೆಲದಲ್ಲಿ ಅರ್ಥಿಂಗ್ ಗುಂಡಿ ಏಪ್ರಿಲ್, ಮೇ ಹೊತ್ತಿಗೆ ಒಣಗಿ ಕೂತಿರುತ್ತದೆ. ಕೆಲಸದ ಹಿಂದಿನ ದಿನ ಎರಡು ಕೊಡ ನೀರು ಹೊಯ್ಯಿರಿ.

ರಾಡ್, ಗ್ಯಾಸಿಲ್ಲದ ವೈರ್, ಮಿಗ್, ಟಿಗ್

ರಾಡ್ ವೆಲ್ಡಿಂಗಿಗೆ ಸಿಲಿಂಡರ್ ಬೇಡ, ಗಾಳಿಗೆ ಹೆದರಬೇಕಿಲ್ಲ, ಅಲ್ಪಸ್ವಲ್ಪ ತುಕ್ಕಿನ ಮೇಲೂ ನಡೆಯುತ್ತದೆ, ಮಷಿನ್ ಅಗ್ಗ. ಅಂಗಡಿಯಲ್ಲಿ 12 ನಂಬರ್ ರಾಡ್ ಎಂದರೆ 2.5 ಮಿ.ಮೀ., 10 ನಂಬರ್ ಎಂದರೆ 3.15 ಮಿ.ಮೀ. 12 ನಂಬರಿಗೆ 60ರಿಂದ 90 ಆಂಪಿಯರ್ ಬೇಕು. 2 ಮಿ.ಮೀ. ದಪ್ಪಕ್ಕಿಂತ ಕೆಳಗೆ ಹೊಸಬರು ಇದನ್ನು ಮುಟ್ಟದಿರುವುದೇ ಲೇಸು. 2 ಮಿ.ಮೀ. ರಾಡ್ ಸಿಕ್ಕಿದರೆ 40–50 ಆಂಪಿಯರಿನಲ್ಲಿ 1.5ರ ತಗಡಿನವರೆಗೆ ಇಳಿಯಬಹುದು, ಅದಕ್ಕೆ ಕೈ ಪಳಗಿರಬೇಕು. ಮನೆ ಕೆಲಸಕ್ಕೆ 6013 (ಇದು ರಾಡಿನ ಜಾತಿ ಹೇಳುವ ನಂಬರ್) ರಾಡ್ ಸಾಕು. 7018 ಹೆಚ್ಚು ಗಟ್ಟಿ ಎಂದು ಯಾರೋ ಹೇಳಿದರೆಂದು ತರಬೇಡಿ. ಅದು ತೇವ ತಾಗಿದರೆ ಕೆಡುವ ಜಾತಿ, ಬಳಸುವ ಮುಂಚೆ 300 ಡಿಗ್ರಿ ದಾಟಿಸಿ ಒಣಗಿಸಬೇಕು. ಕರಾವಳಿಯ ಮನೆಯಲ್ಲಿ ಆ ಓವನ್ ಎಲ್ಲಿಂದ ಬರಬೇಕು?

ಗ್ಯಾಸಿಲ್ಲದ ಫ್ಲಕ್ಸ್ ವೈರ್ ಮಷಿನ್ ಈಗ ಆನ್‌ಲೈನಿನಲ್ಲಿ ಬಹಳ ಮಾರಾಟವಾಗುತ್ತಿದೆ. ವೈರಿನ ಹೊಟ್ಟೆಯಲ್ಲೇ ಪುಡಿ ತುಂಬಿರುತ್ತದೆ, ಅದು ಉರಿದು ಬೆಸುಗೆಯನ್ನು ಗಾಳಿಯಿಂದ ಕಾಪಾಡುತ್ತದೆ. ಅಂಗಳದ ಗಾಳಿಯಲ್ಲಿ ಕೆಲಸ ಮಾಡಲು ಅನುಕೂಲ, ಸಿಲಿಂಡರ್ ಚಿಂತೆ ಇಲ್ಲ. ಆದರೆ ಬಿಸಿ ಹೆಚ್ಚು, ಹೊಗೆ ಹೆಚ್ಚು, ಸಿಡಿತ ಹೆಚ್ಚು. 1.2 ಮಿ.ಮೀ. ಮೇಲಿನ ಫ್ಲೋರ್ ಪಟ್ಟಿ, ಬ್ರಾಕೆಟ್, ಜೀಪಿನ ಬಾಡಿಯ ತಗಡಿಗೆ ನಡೆಯುತ್ತದೆ. 0.8ರ ಮಡ್‌ಗಾರ್ಡಿಗೆ ಇದನ್ನು ಹಿಡಿಯುವುದು ತಾಳ್ಮೆಯ ಪರೀಕ್ಷೆ. ಒಂದು ವಿಷಯ ಮರೆಯಬೇಡಿ: ಈ ವೈರಿಗೆ ಟಾರ್ಚ್ (ವೈರ್ ಹೊರಬರುವ, ಕೈಯಲ್ಲಿ ಹಿಡಿಯುವ ಭಾಗ) ಮೈನಸ್ಸಿಗೆ, ಅರ್ಥ್ ಕ್ಲಾಂಪ್ ಪ್ಲಸ್ಸಿಗೆ ಹೋಗಬೇಕು, ಗ್ಯಾಸ್ ಮಿಗ್‌ಗೆ ಇದರ ಉಲ್ಟಾ. ಇದನ್ನು ಬದಲಿಸದೆ ‘ಮಷಿನ್ ಬರೀ ಸಿಡೀತದೆ’ ಎಂದು ವಾಪಸ್ ಕೊಟ್ಟವರಿದ್ದಾರೆ. ಹಾಗಾಗಿ ಪೋಲಾರಿಟಿ ಬದಲಿಸಲು ಬಾರದ ಮಷಿನ್ ಎಷ್ಟೇ ಅಗ್ಗವಾದರೂ ಬೇಡ.

ಕಾರಿನ ತಗಡಿಗೆ ನನ್ನ ಮತ ಗ್ಯಾಸ್ ಹಾಕುವ ಚಿಕ್ಕ ಮಿಗ್‌ಗೆ. ಕಾರಣ ಸರಳ. ಆಂಪಿಯರ್ 30–40ಕ್ಕೆ ಇಳಿಸಬಹುದು, ಟ್ರಿಗರ್ ಒತ್ತಿ ಅರೆ ಸೆಕೆಂಡಿಗೆ ಬಿಟ್ಟುಬಿಡಬಹುದು, ಒಂದು ಕೈ ಖಾಲಿ ಇರುವುದರಿಂದ ತಗಡನ್ನು ಒತ್ತಿ ಹಿಡಿಯಬಹುದು. 0.6 ಮಿ.ಮೀ. ವೈರ್ ಸಿಕ್ಕರೆ ಅದೇ ಉತ್ತಮ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 0.8, ಅದರಲ್ಲೂ ಕೆಲಸ ಆಗುತ್ತದೆ. ವೈರಿನ ಜಾತಿ ಇಆರ್70ಎಸ್-6. ಅದರಲ್ಲಿರುವ ಹೆಚ್ಚಿನ ಸಿಲಿಕಾನ್, ಮ್ಯಾಂಗನೀಸ್ ಅಲ್ಪಸ್ವಲ್ಪ ಕೊಳೆ, ತುಕ್ಕನ್ನು ತಾಳಿಕೊಳ್ಳುತ್ತವೆ.

ಟಿಗ್ (ಕರಗದ ಟಂಗ್‌ಸ್ಟನ್ ಮೊನೆಯಿಂದ ಆರ್ಕ್ ಉರಿಸಿ, ಇನ್ನೊಂದು ಕೈಯಿಂದ ತಂತಿ ಕೊಡುತ್ತ ಬೆಸೆಯುವುದು) ಚೆಂದದ ಕೆಲಸ, ಒಪ್ಪುತ್ತೇನೆ. ಸ್ಟೇನ್‌ಲೆಸ್ ಸೈಲೆನ್ಸರ್ ಮಾಡಿಕೊಳ್ಳುವ ಹುಚ್ಚಿದ್ದರೆ ಕಲಿಯಿರಿ. ಆದರೆ ಅದಕ್ಕೆ ಕನ್ನಡಿಯಂತೆ ಶುದ್ಧವಾದ ಲೋಹ ಬೇಕು, ಎರಡೂ ಕೈ ಬೇಕು, ಶುದ್ಧ ಆರ್ಗಾನ್ ಬೇಕು. ಕಾರಿನ ಅಡಿ ಮಲಗಿ ತುಕ್ಕಿನ ಅಂಚಿಗೆ ಟಿಗ್ ಮಾಡಲು ಹೊರಟವರು ಮಧ್ಯಾಹ್ನದೊಳಗೆ ಮಿಗ್ ಹುಡುಕುತ್ತಾರೆ. ‘ತ್ರೀ ಇನ್ ಒನ್’ ಎಂದು ಮಾರುವ ಮಷಿನ್‌ಗಳಲ್ಲಿ ಟಿಗ್ ಇರುತ್ತದೆ ನಿಜ. ಆದರೆ ಅದು ಸಾಮಾನ್ಯವಾಗಿ ಡಿಸಿ ಮಾತ್ರ, ಅಲ್ಯೂಮಿನಿಯಂ ಬೆಸೆಯಲು ಎಸಿ ಬೇಕಾಗುತ್ತದೆ. ಇನ್ನು ಹಳೇ ಟಿಂಕರ್‌ಗಳು ಬಳಸುತ್ತಿದ್ದ ಆಕ್ಸಿಜನ್-ಅಸಿಟಿಲಿನ್ ಗ್ಯಾಸ್ ಬೆಸುಗೆ ಮನೆಗೆ ಬೇಡವೇ ಬೇಡ. ಅದರ ಬಿಸಿ ಅಗಲಕ್ಕೆ ಹರಡಿ ತಗಡು ಸೊಟ್ಟಗಾಗುತ್ತದೆ, ಅಸಿಟಿಲಿನ್ ಇಟ್ಟುಕೊಳ್ಳುವ ಅಪಾಯ ಬೇರೆ.

ಸಿಲಿಂಡರ್ ಎಲ್ಲಿಂದ?

ಮಿಗ್ ಕೊಳ್ಳುವ ಮುಂಚೆಯೇ ಈ ಪ್ರಶ್ನೆಗೆ ಉತ್ತರ ಇರಬೇಕು. ಮಷಿನ್ ಆನ್‌ಲೈನಿನಲ್ಲಿ ಬಂದುಬಿಡುತ್ತದೆ, ಗ್ಯಾಸ್ ಬರುವುದಿಲ್ಲ. ಮೊದಲು ಊರಿನ ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ವಿಚಾರಿಸಿ. ಮಿಗ್ ಇರುವವರು ಎಲ್ಲಿಂದ ತುಂಬಿಸುತ್ತಾರೋ ಅವರ ಗಾಡಿಯಲ್ಲೇ ನಿಮ್ಮದೂ ಹೋಗಿಬರಲಿ. ಸೋಡಾ ಮಾಡುವವರನ್ನೂ ಕೇಳಿ ನೋಡಿ, ಅವರು ಬಳಸುವುದೂ ಕಾರ್ಬನ್ ಡೈಆಕ್ಸೈಡೇ. ಏನೂ ಸಿಗದಿದ್ದರೆ ಹುಬ್ಬಳ್ಳಿ ಅಥವಾ ಗೋವಾ ಕಡೆ ಹೋಗುವಾಗ ತರಬೇಕಾಗುತ್ತದೆ. ಹಾಗಾದಾಗ ಸಿಲಿಂಡರನ್ನು ಕಟ್ಟಿ, ಕ್ಯಾಪ್ ಹಾಕಿ, ಕಿಟಕಿ ತೆರೆದು ತನ್ನಿ. ಮುಚ್ಚಿದ ಕಾರಿನಲ್ಲಿ ಸೋರಿದರೆ ಉಸಿರು ಕಟ್ಟುತ್ತದೆ.

ಬರೀ ಕಾರ್ಬನ್ ಡೈಆಕ್ಸೈಡ್ ಅಗ್ಗ, ಆಳಕ್ಕೆ ಇಳಿಯುತ್ತದೆ, ಸಿಡಿತ ಸ್ವಲ್ಪ ಜಾಸ್ತಿ. ಆರ್ಗಾನ್ 75–80 ಪಾಲು, ಉಳಿದದ್ದು ಕಾರ್ಬನ್ ಡೈಆಕ್ಸೈಡ್ ಇರುವ ಮಿಶ್ರಣ ತೆಳು ತಗಡಿಗೆ ಮೃದು, ಬೆಸುಗೆ ನಯವಾಗಿ ಕೂರುತ್ತದೆ. ಮಿಶ್ರಣ ಹತ್ತಿರದಲ್ಲಿ ಸಿಕ್ಕರೆ ಅದೇ ಇರಲಿ. ಸಿಗದಿದ್ದರೆ ಅಗ್ಗದ್ದರಲ್ಲೇ ಕಲಿಯಿರಿ, ವೋಲ್ಟೇಜ್ ಒಂದೂವರೆ, ಎರಡು ಹೆಚ್ಚು ಇಡಬೇಕಾಗುತ್ತದೆ ಅಷ್ಟೇ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನೊಳಗೆ ದ್ರವವಾಗಿರುವುದರಿಂದ ಮೀಟರಿನ ಮುಳ್ಳು ಕೊನೆಯವರೆಗೂ ಒಂದೇ ಕಡೆ ನಿಂತಿದ್ದು, ದ್ರವ ಮುಗಿದ ಮೇಲೆ ಸರ್ರನೆ ಇಳಿಯುತ್ತದೆ. ಎಷ್ಟು ಉಳಿದಿದೆ ತಿಳಿಯಬೇಕಾದರೆ ತೂಕ ಹಾಕಿ. ಯಾವಾಗಲೂ ನೆಟ್ಟಗೆ ನಿಲ್ಲಿಸಿ, ಗೋಡೆಗೆ ಸರಪಳಿಯಿಂದ ಬಿಗಿಯಿರಿ.

ಗಾಳಿ ಇಲ್ಲಿ ನಿಜವಾದ ಶತ್ರು. ಗಂಟೆಗೆ 8 ಕಿ.ಮೀ. ವೇಗದ ಗಾಳಿಯೂ ಟಾರ್ಚಿನ ಗ್ಯಾಸನ್ನು ಹಾರಿಸಿಕೊಂಡು ಹೋಗುತ್ತದೆ, ಬೆಸುಗೆಯಲ್ಲಿ ಸಣ್ಣ ಸಣ್ಣ ತೂತು ಬೀಳುತ್ತವೆ. ಕಡಲ ಕಡೆಯ ಗಾಳಿ ಏಳುವುದು ಮಧ್ಯಾಹ್ನಕ್ಕೆ. ಆದ್ದರಿಂದ ಕೋಡಿಬಾಗ, ಸದಾಶಿವಗಡ, ತದಡಿಯಂಥ ಕಡಲಂಚಿನಲ್ಲಿರುವವರು ಬೆಳಿಗ್ಗೆ ಹತ್ತೂವರೆ, ಹನ್ನೊಂದರೊಳಗೆ ಬೆಸುಗೆ ಮುಗಿಸಿ, ಕತ್ತರಿಸುವ, ಉಜ್ಜುವ ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಅನುಕೂಲ. ತಾಡಪತ್ರಿ ಕಟ್ಟಿ ಮರೆ ಮಾಡಬಹುದು, ಕಿಡಿ ತಾಗದಷ್ಟು ದೂರದಲ್ಲಿ. ಗ್ಯಾಸಿನ ಹರಿವು ನಿಮಿಷಕ್ಕೆ 8ರಿಂದ 12 ಲೀಟರ್ ಸಾಕು. ಗಾಳಿ ಇದೆಯೆಂದು 20ಕ್ಕೆ ತಿರುಗಿಸಿದರೆ ಗ್ಯಾಸೇ ಸುಳಿಯಾಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಗರಿಷ್ಠ ಆಂಪಿಯರ್ ಬಿಟ್ಟು ಕನಿಷ್ಠ ಆಂಪಿಯರ್ ಕೇಳಿ. 30ಕ್ಕೆ ಇಳಿದು ಸ್ಥಿರವಾಗಿ ಉರಿಯುವ ಮಿಗ್ ನಿಮಗೆ ಬೇಕಾದದ್ದು. ವೈರಿನ ವೇಗ ಮತ್ತು ವೋಲ್ಟೇಜಿಗೆ ಬೇರೆ ಬೇರೆ ನಾಬ್ ಇರಲಿ. ಡ್ಯೂಟಿ ಸೈಕಲ್ ಎಂದು ಬರೆದಿದ್ದನ್ನು ಓದಿ: 60 ಶೇಕಡಾ ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಉರಿಸಿ ನಾಲ್ಕು ನಿಮಿಷ ಬಿಡಬೇಕು. ಆ ಅಳತೆ 40 ಡಿಗ್ರಿಯಲ್ಲಿ ಮಾಡಿದ್ದೋ 25 ಡಿಗ್ರಿಯಲ್ಲೋ ಎಂದು ಪ್ಲೇಟ್ ನೋಡಿ. ಕಾರವಾರದ ಮೇ ತಿಂಗಳಿಗೆ 25ರ ಲೆಕ್ಕ ಉಪಯೋಗವಿಲ್ಲ. ಹಾಗಂತ ಕಾರಿನ ತಗಡಿಗೆ ಒಂದೊಂದೇ ಚುಕ್ಕೆ ಇಡುವವರಿಗೆ ಇದು ಅಷ್ಟೇನೂ ತಲೆನೋವಲ್ಲ, ಚಾಸಿ ಬೆಸೆಯುವವರಿಗೆ ಹೌದು.

ಟಾರ್ಚ್ ಕಳಚಲು ಬರುತ್ತದೆಯೇ, ಅದರ ಕಾಂಟ್ಯಾಕ್ಟ್ ಟಿಪ್ (ವೈರ್ ಹೊರಬರುವ ತುದಿ), ನಾಝಲ್, ಲೈನರ್ (ವೈರ್ ಹಾದುಬರುವ ಒಳನಳಿಕೆ) ಹುಬ್ಬಳ್ಳಿಯಲ್ಲಾದರೂ ಸಿಗುತ್ತವೆಯೇ, ಕೆಟ್ಟರೆ ಬೋರ್ಡ್ ರಿಪೇರಿ ಮಾಡುವವರು ಎಲ್ಲಿ, ಈ ಮೂರು ಪ್ರಶ್ನೆಗೆ ಉತ್ತರ ಕೊಡದ ಅಂಗಡಿಯವನ ಹತ್ತಿರ ಕೊಳ್ಳಬೇಡಿ. ಹಳೇ ತಾಮ್ರದ ಸುರುಳಿಯ ಟ್ರಾನ್ಸ್‌ಫಾರ್ಮರ್ ಮಷಿನ್ ಉಪ್ಪುಗಾಳಿಗೆ ಜಗ್ಗುವುದಿಲ್ಲ ನಿಜ, ಅದರ ಭಾರ ಮತ್ತು ಅದು ಎಳೆಯುವ ಕರೆಂಟ್ ಮನೆಗೆ ಸರಿಹೋಗುವುದಿಲ್ಲ. ಇನ್‌ವರ್ಟರ್ ಮಷಿನ್ನೇ ತೆಗೆದುಕೊಳ್ಳಿ, ಒಳಗಿನ ಬೋರ್ಡಿಗೆ ವಾರ್ನಿಷ್‌ನಂಥ ರಕ್ಷಣೆಯ ಲೇಪ ಇದೆಯೇ ಕೇಳಿ.

ದುಡ್ಡು ಕಡಿಮೆ ಇದ್ದರೆ ಮಷಿನ್ನಿನಲ್ಲಿ ಉಳಿಸಿ, ಹೆಲ್ಮೆಟಿನಲ್ಲಿ ಉಳಿಸಬೇಡಿ. ತಾನಾಗಿ ಕಪ್ಪಾಗುವ ಹೆಲ್ಮೆಟ್, ಶೇಡ್ (ಗಾಜು ಎಷ್ಟು ಕಪ್ಪು ಎಂಬ ಅಳತೆ) 9ರಿಂದ 11ರವರೆಗೆ ಬದಲಿಸಲು ಬರುವಂಥದ್ದು ತೆಗೆದುಕೊಳ್ಳಿ. ಕೈಯಲ್ಲಿ ಹಿಡಿಯುವ ಗಾಜಿನ ಹಲಗೆಯಲ್ಲಿ ಕಾರಿನ ಅಡಿ ಏನೂ ಮಾಡಲಾಗದು. ಚರ್ಮದ ಗ್ಲೌಸ್, ಹತ್ತಿಯ ಪೂರ್ತಿ ತೋಳಿನ ಅಂಗಿ, ಬೂಟು, ಗ್ರೈಂಡರಿಗೆ ಬೇರೆ ಕನ್ನಡಕ. ಲುಂಗಿ ಉಟ್ಟು ವೆಲ್ಡಿಂಗ್ ಮಾಡುವವರನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ.

ಸ್ವಿಚ್ ಹಾಕುವ ಮುಂಚೆ

ಬ್ಯಾಟರಿಯ ಎರಡೂ ಟರ್ಮಿನಲ್ ಕಳಚಿ. ಕೆಲಸದ ಜಾಗದ ಆಚೆ ಈಚೆ ಸೀಟು, ಮ್ಯಾಟ್, ಫೋಮ್, ವೈರ್ ಕಟ್ಟು, ಪೆಟ್ರೋಲ್ ಪೈಪ್ ಎಲ್ಲ ತೆಗೆಯಿರಿ ಅಥವಾ ಸರಿಸಿ. ತಗಡಿನ ಹಿಂಬದಿ ನೋಡುವುದನ್ನು ಮರೆಯಬೇಡಿ, ಅಡಿಗೆ ಬಳಿದ ಟಾರಿನಂಥ ಕೋಟಿಂಗ್ ಹೊತ್ತಿಕೊಳ್ಳುವುದು ಆ ಕಡೆಯಿಂದ. ಅರ್ಥ್ ಕ್ಲಾಂಪನ್ನು ಬೆಸೆಯುವ ತಗಡಿಗೇ, ಹತ್ತಿರದಲ್ಲೇ, ಬಣ್ಣ ಕೆರೆದು ಹಾಕಿ. ದೂರ ಹಾಕಿದರೆ ಕರೆಂಟ್ ಚಕ್ರದ ಬೇರಿಂಗ್ ಮೂಲಕ ದಾರಿ ಹುಡುಕಿಕೊಂಡು ಅದನ್ನು ಹಾಳು ಮಾಡುತ್ತದೆ.

ಪೆಟ್ರೋಲ್ ಟ್ಯಾಂಕನ್ನು ಖಾಲಿ ಇದ್ದರೂ, ತೊಳೆದಿದ್ದರೂ ಬೆಸೆಯಬೇಡಿ. ಒಳಗೆ ಉಳಿದ ಆವಿಯೇ ಸ್ಫೋಟಕ್ಕೆ ಸಾಕು. ಗ್ಯಾಸ್ ಕಿಟ್ ಇರುವ ಓಮ್ನಿಯ ಸಿಲಿಂಡರ್ ಇಳಿಸದೆ ಕೆಲಸ ಶುರುಮಾಡಬೇಡಿ. ಬ್ರೇಕ್ ಕ್ಲೀನರ್ ಹೊಡೆದು ಒರೆಸಿದ ಜಾಗಕ್ಕೆ ಬೆಂಕಿ ತಾಗಿಸಬೇಡಿ, ಕ್ಲೋರಿನ್ ಇರುವ ಕ್ಲೀನರ್ ಆರ್ಕಿನ ಬಿಸಿಗೆ ವಿಷಗಾಳಿಯಾಗುತ್ತದೆ. ಝಿಂಕ್ ಲೇಪದ ಜಿಐ ತಗಡನ್ನು ಪ್ಯಾಚಿಗೆ ಬಳಸಿದರೆ ಅಂಚಿನ ಝಿಂಕ್ ಉಜ್ಜಿ ತೆಗೆಯಿರಿ. ಅದರ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿ ಜ್ವರ ಬರುತ್ತದೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ಏನೂ ಮಾಡುವುದಿಲ್ಲ ಎಂಬ ನಂಬಿಕೆ ಎಲ್ಲ ವರ್ಕ್‌ಶಾಪಿನಲ್ಲೂ ಇದೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಮಾಸ್ಕ್ ಹಾಕಿ, ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ಕೂತು ಮಾಡಿ.

ಬೆವರು ಅಥವಾ ಮಳೆಗೆ ತೊಯ್ದ ಬಟ್ಟೆಯಲ್ಲಿ ರಾಡ್ ಹಿಡಿಯಬೇಡಿ. ಉರಿಯದೆ ಇರುವಾಗ ಹೋಲ್ಡರಿನಲ್ಲಿ 60–80 ವೋಲ್ಟ್ ನಿಂತಿರುತ್ತದೆ, ಒದ್ದೆ ಮೈಗೆ ಅದು ಕಡಿಮೆಯೇನಲ್ಲ. ಒಣ ಹಲಗೆ ಅಥವಾ ರಬ್ಬರ್ ಮ್ಯಾಟ್ ಮೇಲೆ ಕೂರಿ. ಮರಳು ತುಂಬಿದ ಬಕೆಟ್ ಮತ್ತು ಡ್ರೈ ಪೌಡರ್ ಎಕ್ಸ್‌ಟಿಂಗ್ವಿಶರ್ ಕೈಗೆಟುಕುವಂತಿರಲಿ, ಮನೆಯಲ್ಲಿ ಇನ್ನೊಬ್ಬರು ಇರಲಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಕಾರಿನ ಹತ್ತಿರವೇ ಇದ್ದು ಮೂಸಿ ನೋಡುತ್ತಿರಿ.

ಸಸ್ಪೆನ್ಷನ್ ಆರ್ಮ್, ಸ್ಟೇರಿಂಗ್ ಭಾಗ, ಚಕ್ರದ ರಿಮ್, ಸೀಟ್ ಬೆಲ್ಟ್ ಬೋಲ್ಟ್ ಕೂರುವ ಜಾಗ ಇವು ಮನೆ ಕೆಲಸದವಲ್ಲ. ಹೊಸ ಕಾರುಗಳ ಪಿಲ್ಲರ್‌ಗಳಲ್ಲಿ ಹದ ಮಾಡಿದ ಗಟ್ಟಿ ಉಕ್ಕು ಇರುತ್ತದೆ, ಬೆಸುಗೆಯ ಬಿಸಿಗೆ ಆ ಹದ ಕೆಟ್ಟು ಅಪಘಾತದಲ್ಲಿ ಮಡಚಿಕೊಳ್ಳುತ್ತದೆ. ಚಾಸಿ ನಂಬರ್ ಕೊರೆದಿರುವ ತುಂಡಿನ ಹತ್ತಿರ ಗ್ರೈಂಡರ್ ಒಯ್ಯಲೇಬೇಡಿ. ತುಕ್ಕಿನ ತಗಡು ಬದಲಿಸುವುದು ರಿಪೇರಿ. ಗಾಡಿಯ ಮೂಲ ರಚನೆಯನ್ನೇ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ.

ಮೊದಲ ಪ್ಯಾಚ್

ಗುಜರಿಯಿಂದ ಹಳೇ ಕಾರಿನ ಬಾಗಿಲು ಒಂದು ತನ್ನಿ. ಅದರ ತಗಡು ನಿಮ್ಮ ಕಾರಿನಷ್ಟೇ ತೆಳು. ಅದರಿಂದ ತುಂಡು ಕತ್ತರಿಸಿ, ಅದರ ಮೇಲೇ ಬೆಸೆದು ಕಲಿಯಿರಿ. 0.8 ವೈರಿಗೆ 40–50 ಆಂಪಿಯರ್, 15–16 ವೋಲ್ಟಿನಿಂದ ಶುರುಮಾಡಿ ವೈರಿನ ವೇಗ ಹೊಂದಿಸುತ್ತ ಹೋಗಿ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಹಾಗೆ ಒಂದೇ ಸಮ ಚಟಪಟ ಕೇಳಿಸಿದರೆ ಹೊಂದಿಕೆ ಸರಿ. ವೈರ್ ತಗಡಿಗೆ ಗುದ್ದಿ ಟಾರ್ಚನ್ನು ಹಿಂದಕ್ಕೆ ನೂಕುತ್ತಿದ್ದರೆ ವೇಗ ಹೆಚ್ಚು, ತುದಿಯಲ್ಲಿ ಉಂಡೆಯಾಗಿ ಟಿಪ್ಪಿಗೆ ಅಂಟುತ್ತಿದ್ದರೆ ಕಡಿಮೆ. ಆಮೇಲೆ ಪ್ಯಾಚನ್ನು ವೈಸಿಗೆ ಹಾಕಿ ಸುತ್ತಿಗೆಯಿಂದ ಕಿತ್ತು ನೋಡಿ. ಬೆಸುಗೆಯ ಪಕ್ಕದ ತಗಡು ಹರಿದರೆ ಪಾಸು. ಬೆಸುಗೆಯೇ ಎದ್ದುಬಂದರೆ ಅದು ಮೇಲೆ ಕೂತಿತ್ತೇ ಹೊರತು ಒಳಗೆ ಇಳಿದಿರಲಿಲ್ಲ.

ಕಾರಿಗೆ ಬಂದಾಗ, ಚಾಕ್ ಗುರುತಿನಷ್ಟೇ ಕತ್ತರಿಸಿದರೆ ಸಾಲದು. ತುಕ್ಕು ಮುಗಿದು ಹೊಳೆಯುವ ತಗಡು ಸಿಗುವವರೆಗೆ, ಅದರಾಚೆಗೂ ಒಂದು ಬೆರಳಿನಷ್ಟು ಕತ್ತರಿಸಿ. ಈ ಧೈರ್ಯ ಬಾರದವರಿಗೆ ಯಾವ ಮಷಿನ್ ಕೊಟ್ಟರೂ ಅಷ್ಟೇ, ಸತ್ತ ತಗಡಿಗೆ ಬೆಸುಗೆ ಹಿಡಿಯುವುದಿಲ್ಲ. ಊರಲ್ಲಿ ತುಂಬ ಕಾರುಗಳ ಫುಟ್‌ಬೋರ್ಡ್ ಎರಡೇ ಮಳೆಗಾಲಕ್ಕೆ ಮತ್ತೆ ಬಾಯಿ ತೆರೆಯುವುದು ಹಳೆಯದರ ಮೇಲೆ ಹೊಸ ತಗಡು ಹೊದಿಸಿ ಪುಟ್ಟಿ ಬಳಿದದ್ದರಿಂದ.

ರಟ್ಟಿನ ಅಚ್ಚು ಮಾಡಿ ಅದರಂತೆ ಅದೇ ದಪ್ಪದ ತಗಡು ಕತ್ತರಿಸಿ. ಹೊರಗೆ ಕಾಣುವ ಮಡ್‌ಗಾರ್ಡಿಗೆ ಅಂಚಿಗೆ ಅಂಚು ಕೂಡಿಸಿ, ನಡುವೆ ತಗಡಿನ ದಪ್ಪದಷ್ಟು ಸಂದು ಬಿಡಿ. ಫ್ಲೋರಿಗೆ ಒಂದರ ಮೇಲೊಂದು ಏರಿಸಿದರೂ ನಡೆಯುತ್ತದೆ. ಅಲ್ಲಿ ಮೇಲಿನ ತಗಡಿಗೆ 6–8 ಮಿ.ಮೀ. ತೂತು ಕೊರೆದು, ತೂತಿನ ನಡುವಿನಿಂದ ಕೆಳತಗಡಿಗೆ ಬೆಸುಗೆ ತುಂಬಿ. ಕಂಪನಿಯ ಸ್ಪಾಟ್ ವೆಲ್ಡಿಗೆ ಇದು ಬದಲಿ. ಏರಿಸುವ ಮುಂಚೆ ಎರಡೂ ಮುಖಕ್ಕೆ ವೆಲ್ಡ್-ಥ್ರೂ (ಅದರ ಮೇಲೇ ಬೆಸೆಯಬಹುದಾದ) ಝಿಂಕ್ ಪ್ರೈಮರ್ ಹೊಡೆಯಿರಿ.

ಮೊದಲು ನಾಲ್ಕು ಮೂಲೆಗೆ ಚುಕ್ಕೆ, ಆಮೇಲೆ ಎದುರುಬದುರು, ಎರಡು ಚುಕ್ಕೆಯ ನಡುವೆ 25–30 ಮಿ.ಮೀ. ಅಂತರ. ಮುಟ್ಟಿದರೆ ಕೈ ಸುಡದಷ್ಟು ಆರಿದ ಮೇಲೆ ನಡುವೆ ನಡುವೆ ಇನ್ನಷ್ಟು. ಹೀಗೆ ಚುಕ್ಕೆಗಳೇ ಕೂಡಿ ಗೆರೆಯಾಗಬೇಕು. ಒಂದೇ ಉಸಿರಿಗೆ ಗೆರೆ ಎಳೆದರೆ ತಗಡು ಬಾಗುತ್ತದೆ. ಬೇಗ ಆರಲೆಂದು ನೀರು ಹಾಕಬೇಡಿ. ತೂತು ಬಿತ್ತೇ? ಹಿಂದಿನಿಂದ ತಾಮ್ರದ ಪಟ್ಟಿ ಒತ್ತಿಹಿಡಿದು ಅಂಚಿನಿಂದ ಒಳಕ್ಕೆ ತುಂಬುತ್ತ ಬನ್ನಿ. ಫ್ರಿಜ್ ರಿಪೇರಿಯವರ ಹತ್ತಿರ ಸಿಗುವ ತಾಮ್ರದ ಪೈಪ್ ಚಪ್ಪಟೆ ಮಾಡಿದರೂ ಆಗುತ್ತದೆ. ತಾಮ್ರಕ್ಕೆ ಬೆಸುಗೆ ಅಂಟುವುದಿಲ್ಲ, ಬಿಸಿಯನ್ನೂ ಎಳೆದುಕೊಳ್ಳುತ್ತದೆ.

ಫ್ಲ್ಯಾಪ್ ಡಿಸ್ಕಿನಿಂದ ಮೆಲ್ಲಗೆ ಉಜ್ಜಿ, ಅವತ್ತೇ ಪ್ರೈಮರ್ ಹೊಡೆಯಿರಿ. ನಾಳೆಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪಗಾಗಿರುತ್ತದೆ. ಕೂಡುಗೆರೆಗೆ ಸೀಮ್ ಸೀಲರ್, ಅಡಿಗೆ ಕೋಟಿಂಗ್. ಒಳಬದಿಯಲ್ಲಿ ಬೆಸುಗೆಯ ಬಿಸಿಗೆ ಸುಟ್ಟ ಬಣ್ಣದ ಜಾಗವೇ ಮುಂದಿನ ತುಕ್ಕಿನ ಬಾಗಿಲು. ಫುಟ್‌ಬೋರ್ಡಿನ ಒಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಯಿರಿ. ಆ ಭರದಲ್ಲಿ ನೀರು ಇಳಿಯುವ ಕಿಂಡಿಗಳನ್ನು ಮುಚ್ಚಿಬಿಡಬೇಡಿ.

ಮಳೆಗಾಲದಲ್ಲಿ

ಜೂನ್ ಹೊತ್ತಿಗೆ ವೈರ್ ಸುರುಳಿಯನ್ನು ಮಷಿನ್ನಿನಿಂದ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತುಕ್ಕು ಹಿಡಿದ ವೈರ್ ಲೈನರಿನೊಳಗೆ ಉಜ್ಜಿ ಪುಡಿ ಉದುರಿಸಿ, ಟಾರ್ಚನ್ನೇ ಕಟ್ಟಿಹಾಕುತ್ತದೆ. ಹೀಗಾಗಿ ಮನೆಗೆ 15 ಕಿಲೋ ಸುರುಳಿ ದಂಡ, 1 ಕಿಲೋದ್ದು ಕೊಂಡು ಮುಗಿಸಿ. ರಾಡ್‌ಗಳನ್ನು ಕೆಟ್ಟ ಫ್ರಿಜ್ ಅಥವಾ ಮರದ ಪೆಟ್ಟಿಗೆಯೊಳಗೆ 40 ವ್ಯಾಟಿನ ಹಳೇ ಬಲ್ಬು ಉರಿಸಿ ಇಡಬಹುದು, ಬಲ್ಬಿಗೆ ರಟ್ಟಿನ ಡಬ್ಬಿ ತಾಗದಂತೆ. ತೇವ ಕುಡಿದ 6013ನ್ನು 100–120 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಮತ್ತೆ ಹದಕ್ಕೆ ಬರುತ್ತದೆ. ಮಷಿನ್ನನ್ನು ನೆಲದ ಮೇಲೆ ಬಿಡದೆ ಕಪಾಟಿನಲ್ಲಿಟ್ಟು, ವಾರಕ್ಕೊಮ್ಮೆ ಹತ್ತು ನಿಮಿಷ ಸ್ವಿಚ್ ಹಾಕಿ ಫ್ಯಾನ್ ತಿರುಗಿಸಿ. ಹೀಗಿಟ್ಟರೆ ಚೌತಿ ಕಳೆದು ಬಿಸಿಲು ಬಿದ್ದಾಗ ಸುರುಳಿ ಏರಿಸಿ ನೇರ ಕೆಲಸಕ್ಕೆ ಕೂರಬಹುದು.